ಗೇಟಿನ ಹತ್ತಿರ ಇಟ್ಟ ಎಡೆ

ಅಡ್ಜಸ್ಟ್ ಅನ್ನುವ ಮಾತು ಪಿಳ್ಳಮ್ಮನ ಬಾಳಿಗೆ ಬಂದದ್ದು ಮದುವೆಯ ದಿನ. ಹೊಸಲು ದಾಟುವಾಗ ಅವಳ ಅವ್ವ ಸೆರಗು ಸರಿಮಾಡುತ್ತ, "ಸ್ವಲ್ಪ ಅಡ್ಜಸ್ಟ್ ಮಾಡ್ಕಂಡು ಹೋಗವ್ವ" ಅಂದಿದ್ದಳು. ಅಕ್ಷರ ಬಾರದ ಹೆಂಗಸು, ಎಲ್ಲಿ ಕಲಿತಿದ್ದಳೋ ಶಿವನೇ ಬಲ್ಲ.

ಆಮೇಲೆ ಆ ಮಾತು ಅವಳನ್ನು ಬಿಡಲಿಲ್ಲ. ಶಿವನೊಬ್ಬನೇ ಆದರೂ ಊರಿಗೊಂದು ಹೆಸರಲ್ಲಿ ಗುಡಿ ಕಟ್ಟಿಸಿಕೊಂಡ ಹಾಗೆ, ಅದಕ್ಕೂ ಹೋದಲ್ಲೆಲ್ಲ ಒಂದೊಂದು ಅರ್ಥ. ಬಸ್ಸಿನಲ್ಲಿ ಸರಿದು ಕೂರು ಅಂತ. ಉಣ್ಣುವಾಗ ಉಪ್ಪು ಕೇಳಬೇಡ ಅಂತ. ಆಫೀಸಿನಲ್ಲಿ ಕೈ ಬೆಚ್ಚಗೆ ಮಾಡು ಅಂತ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ, ಕರೆಂಟು ಹೋದ ದಿನದ ಕೂಲಿ ಮರೆತುಬಿಡು ಅಂತ. ಅವಳು ಎಲ್ಲಕ್ಕೂ ತಲೆಯಾಡಿಸಿದ್ದಳು.

ಒಂದಕ್ಕೆ ಮಾತ್ರ ಆಡಿಸಿರಲಿಲ್ಲ. ತೂಬಗೆರೆ ಹತ್ತಿರದ ಹೊಲವನ್ನು ಲೇಔಟಿನವರಿಗೆ ಕೊಡುವಾಗ, ಹೊಂಗೆ ಮರದಡಿಯ ಗಂಡನ ಸಮಾಧಿ ಅಲ್ಲೇ ಉಳಿಯಬೇಕು ಅಂತ ಹಟ ಹಿಡಿದಳು. ಮೈದುನ ಲಕ್ಷ್ಮಯ್ಯ ಅಣ್ಣನ ತಲೆಗಲ್ಲಿನ ಮೇಲೆ ಕರ್ಪೂರ ಹಚ್ಚಿ, ಅಂಗೈ ಊರಿ ಆಣೆಯಿಟ್ಟ. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಪಿಳ್ಳಮ್ಮ ಹೆಬ್ಬೆಟ್ಟು ಒತ್ತಿದಳು.

ಈ ಸಲ ಪಿತೃಪಕ್ಷಕ್ಕೆ ಮುದ್ದೆ, ಕೋಳಿಸಾರು, ವಡೆ, ಒಂದು ಕಟ್ಟು ಬೀಡಿ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಎಡೆಯನ್ನು ಸತ್ತವರ ತಲೆಯ ದಿಕ್ಕಿಗೇ ಇಡಬೇಕು. ಕಾಗೆ ಮುಟ್ಟುವ ತನಕ ಮನೆಯವರು ಯಾರೂ ಮುಟ್ಟಬಾರದು.

ಲೇಔಟಿನ ಗೇಟಿನಲ್ಲಿ ಲಕ್ಷ್ಮಯ್ಯ ಮೊದಲೇ ಬಂದು ನಿಂತಿದ್ದ. ಅವನ ಹಿಂದೆ, ಕಂಬಿಗಳಾಚೆ, ಹೊಂಗೆ ಮರ ಕಂಡಿತು. ಮರದಡಿ ಬಣ್ಣದ ಟೈಲ್ಸು, ಜಾರುಬಂಡೆ, ಕಲ್ಲುಬೆಂಚು.

"ಕಲ್ಲೆಲ್ಲಿ ಲಕ್ಷ್ಮಯ್ಯ?"

"ಮಣ್ಣು ಕದಲ್ಸಿಲ್ಲ ಅತ್ತಿಗೆ, ನನ್ನಾಣೆ. ಮೇಲೆ ಟೈಲ್ಸ್ ಹಾಕವ್ರೆ, ಅಷ್ಟೆ. ಮಕ್ಳು ಹೆದರ್ಕೊಳ್ತವೆ ಅಂದ್ರು."

"ಅದ್ರ ಮೇಲೆ ಕೈಯಿಟ್ಟು ಹೇಳಿದ್ದೆಯಲ್ಲಪ್ಪ."

"ಹೇಳಿದ್ದೆ. ಈಗ ಕಲ್ಲೇ ಇಲ್ವಲ್ಲ, ಏನ್ ಮಾಡನ? ಒಳಗಡೆ ಕೋಳಿಸಾರು ಬಿಡಲ್ವಂತೆ. ಇಲ್ಲೇ ಗೇಟ್ ಹತ್ರ ಇಕ್ಬಿಡಿ, ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ."

ಪಿಳ್ಳಮ್ಮ ಗೇಟು ಹಿಡಿದು ಜಗ್ಗಿದಳು. ಕಾವಲಿನವನು ಒಳಗಿಂದ, "ಅಜ್ಜಿ, ನನ್ ಕೆಲ್ಸ ಹೋಯ್ತದೆ" ಅಂದ. ಬೈದಿದ್ದರೆ ಅವಳೂ ಬೈಯುತ್ತಿದ್ದಳೇನೋ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅವಳದೇ ದಣಿವಿತ್ತು. ಕೈ ಸಡಿಲವಾಯಿತು.

ಗೇಟಿನ ಪಕ್ಕದ ಜಲ್ಲಿಯ ಮೇಲೆ ಬಾಳೆಲೆ ಹಾಸಿದಳು. ಬಡಿಸುವಾಗ ಕೈ ನಿಂತಿತು. ಇಲ್ಲಿಂದ ಅವನ ತಲೆ ಯಾವ ಕಡೆಗೆ? ಮರ ನೋಡಿದಳು, ಬೆಂಚು ನೋಡಿದಳು. ತಿಳಿಯಲಿಲ್ಲ. ಅಂದಾಜಿನಲ್ಲೇ ಎಲೆ ತಿರುಗಿಸಿ ಇಟ್ಟಳು. ಅಷ್ಟರಲ್ಲಿ ಒಂದು ಕಾರು ಬಂದು ಹಾರ್ನ್ ಹೊಡೆಯಿತು. ಕಾವಲಿನವನು ಕೈಸನ್ನೆ ಮಾಡಿದ. ಅವಳು ಎಲೆಯ ಎರಡೂ ತುದಿ ಹಿಡಿದು ಚರಂಡಿಯ ಕಡೆಗೆ ಎಳೆದಳು. ಸಾರು ತುಳುಕಿ ಜಲ್ಲಿಗೆ ಇಳಿಯಿತು.

ಊದುಬತ್ತಿ ಹಚ್ಚಿ ಕೈಮುಗಿದಳು. ವರ್ಷವರ್ಷವೂ ಈ ಹೊತ್ತಿಗೆ, ಮಗಳ ಹೆಸರು ಹಿಡಿದು ಕರೆದು, ಗಂಡನ ಜೊತೆ ನಾಲ್ಕು ಮಾತಾಡುತ್ತಿದ್ದಳು. ಇವತ್ತು ಅವನಿಗೆ ಏನು ಹೇಳಬೇಕು? ದೇವರ ಹೆಸರು ಹುಡುಕಿದಳು, ಶಾಪ ಹುಡುಕಿದಳು, ಅಳು ಹುಡುಕಿದಳು. ಬಾಯಿಗೆ ಬಂದದ್ದು ಒಂದೇ.

"ರೂಪನಪ್ಪ, ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ."

ಆಡಿದ ಮೇಲೆ ತನ್ನ ದನಿ ತನಗೇ ಕೇಳಿತು. ಅವ್ವನ ದನಿಯ ಹಾಗೇ ಇತ್ತು.

ಕಾಗೆ ಮರದ ಮೇಲೆಯೇ ಕೂತಿತ್ತು, ಇಳಿಯಲಿಲ್ಲ. ಲಕ್ಷ್ಮಯ್ಯ ಮೇಲೊಮ್ಮೆ ನೋಡಿದ, ಕೆಳಗೊಮ್ಮೆ ನೋಡಿದ.

"ಬಿಸಿಲಾಯ್ತು ಅತ್ತಿಗೆ" ಅಂದು, ಬಗ್ಗಿ ಒಂದು ವಡೆ ಎತ್ತಿಕೊಂಡ.