ಎಡಗಡೆ ಬಾಗಿಲು

"ಟಾರ್ಚ್ ಇತ್ತ ಹಿಡಿ ಮಗಳೇ. ನನ್ನ ಮುಖಕ್ಕಲ್ಲ, ಕೊಂಡಿಗೆ!"

ಅವಳು ಕಾರಿನ ಎಡಗಡೆ ಮುಂಬಾಗಿಲನ್ನು ಸೊಂಟದಿಂದ ತಡೆದು ನಿಂತು ಬೆಳಕನ್ನು ಕೆಳಗಿಳಿಸಿದಳು. ಪೇಂಟರ್ ಮಾಮ ಮೊಣಕಾಲೂರಿ, ಬಾಗಿಲಿನ ಲಾಕು ಹೋಗಿ ಕಚ್ಚಿಕೊಳ್ಳುವ ಕೊಂಡಿಯ ಸ್ಕ್ರೂ ಸಡಿಲಿಸುತ್ತಿದ್ದ. ಒಳಗೆ ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದಿತ್ತು, ಅದರ ಹಿಂದೆ ಈ ಕಾರು. ಬೇರೆ ಯಾರ ಕಾರಿಗೂ ಹತ್ತುವುದಿಲ್ಲ ಎಂದು ಅಮ್ಮ ಬೆಳಿಗ್ಗೆಯೇ ಹೇಳಿಯಾಗಿತ್ತು.

ಅಪ್ಪ ಟಿಂಕರ್. ಒಂದೇ ಶೆಡ್ಡಿನಲ್ಲಿ ಮೂವತ್ತು ವರ್ಷ ಅಪ್ಪ ತಟ್ಟಿ ನೇರ ಮಾಡಿದ್ದಕ್ಕೆ ಮಾಮ ಬಣ್ಣ ಹೊಡೆದಿದ್ದ. ನಜ್ಜುಗುಜ್ಜಾಗಿ ಬಂದ ಕಾರುಗಳ ಬಾಗಿಲನ್ನೆಲ್ಲ ಗೆರೆ ಎಳೆದ ಹಾಗೆ ಕೂರಿಸುತ್ತಿದ್ದ ಅಪ್ಪನ ಸ್ವಂತ ಕಾರಿನ ಈ ಬಾಗಿಲು ಮಾತ್ರ ಹದಿನಾಲ್ಕು ವರ್ಷದಿಂದ ಕಡಲೆಕಾಳಿನಷ್ಟು ಹೊರಗೇ ನಿಂತಿತ್ತು. ಮುಟ್ಟಲು ಮಾಮನಿಗೂ ಬಿಟ್ಟಿರಲಿಲ್ಲ.

"ಇವತ್ತು ಗ್ಯಾರೇಜಿನವರೆಲ್ಲ ಬರ್ತಾರೆ," ಎಂದ ಮಾಮ. "ಅವನ ಕಾರು ಹಲ್ಲು ಬಿಟ್ಕೊಂಡು ಅವನ ಹಿಂದೆ ಹೋಗೋದಾ? ನನ್ನ ಜೀವ ಇರೋವಾಗ ಆಗಲ್ಲ."

ಅವಳು ತಲೆಯಾಡಿಸಿದಳು. ಶಾಲೆಯ ಗೇಟಿನ ಹತ್ತಿರ ಗೆಳತಿಯರು ನಕ್ಕಾಗೆಲ್ಲ ಹಿಂದಿನ ಸೀಟಿನಲ್ಲಿ ಕುಗ್ಗಿ ಕೂತವಳು ಅವಳು. ಒಮ್ಮೆ ಕೇಳಿಯೂ ಬಿಟ್ಟಿದ್ದಳು. "ಅದು ಸರಿಯಾಗೇ ಇದೆ ಕಣೆ," ಎಂದಿದ್ದ ಅಪ್ಪ, ತಲೆ ಎತ್ತದೆ.

ದೊಡ್ಡತ್ತೆ ಎರಡು ಲೋಟ ಚಹಾ ತಂದಳು. ಅಪ್ಪನ ಅಕ್ಕ, ಅತ್ತು ಅತ್ತು ದನಿ ಬಿದ್ದುಹೋಗಿತ್ತು. "ಒಳಗೆ ಅವನು ಹಾಗೆ ಮಲಗಿದಾನೆ, ನಿಮಗೆ ಬಾಗಿಲಿನ ಚಿಂತೆ! ಅವನೂ ಇಷ್ಟೇ. ನನ್ನ ಮದುವೆ ದಿನ ಗಂಡಿನ ಕಡೆಯವರ ಕಾರಿನ ಡೆಂಟು ತೆಗೀತಾ ಕೂತಿದ್ದ."

"ಅದಕ್ಕೇ ಅಕ್ಕ, ಅವರು ನಿಮ್ಮನ್ನ ವಾಪಸ್ ಕಳಿಸಲಿಲ್ಲ," ಎಂದ ಮಾಮ.

ದೊಡ್ಡತ್ತೆ ನಕ್ಕಳು. ನಗುತ್ತಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಕೊಂಡಿಯ ಸುತ್ತ ತಗಡಿನ ಮೇಲೆ ಚೂಪಾಗಿ ಕೊರೆದ ಗೀರೊಂದಿತ್ತು. "ಯಾವುದೋ ಹಳೇ ಗಾಯ," ಎಂದು ಮಾಮ ಕೊಂಡಿಯನ್ನು ಒಳಕ್ಕೆ ತಳ್ಳಿ ಬಿಗಿ ಮಾಡಿದ. ಚೌಕಟ್ಟಿನಲ್ಲಿ ರಬ್ಬರೇ ಇರಲಿಲ್ಲ. ಹೊಸದನ್ನು ಒತ್ತಿ ಕೂರಿಸಿದ. ಬಾಗಿಲು ಹಾಕಿದರೆ ಧಡ್ ಎಂಬ ತುಂಬಿದ ಸದ್ದು. ಮಾಮ ಕಣ್ಣು ಮುಚ್ಚಿ ಮುಂದಿನ ಬಾಗಿಲಿನಿಂದ ಹಿಂದಿನದಕ್ಕೆ ಅಂಗೈ ಸವರಿದ. ಎಲ್ಲೂ ಏರಿಲ್ಲ, ತಗ್ಗಿಲ್ಲ.

"ನೋಡೋ," ಎಂದ, ಮನೆಯ ಕಡೆ ತಿರುಗಿ. ಕೊನೆಗೂ ಅಪ್ಪನಿಗೆ ಏನೋ ಒಂದು ಕೊಟ್ಟೆ ಎಂದು ಅವಳಿಗೂ ಅನ್ನಿಸಿತು.

ಹನ್ನೊಂದಕ್ಕೆ ವ್ಯಾನಿನ ಹಿಂದೆ ಕಾರು ನಿಂತಿತು. ಸ್ಟಿಯರಿಂಗ್ ಹಿಡಿದು ಅವಳು, ಹಿಂದೆ ದೊಡ್ಡತ್ತೆ. ಬಲಗೈಯಲ್ಲಿ ಅಪ್ಪನ ಕನ್ನಡಕ ಹಿಡಿದಿದ್ದ ಅಮ್ಮ ಎಡಗಡೆ ಕೂತು, ಎಡಗೈಯಿಂದ ಬಾಗಿಲು ಎಳೆದಳು. ಬಾಗಿಲು ರಬ್ಬರಿಗೆ ತಾಗಿ ಹಿಂದಕ್ಕೆ ಬಂತು. ಇನ್ನೊಮ್ಮೆ ಎಳೆದಳು. ಮತ್ತೆ ಬಂತು.

"ಬಿಡೇ, ಹೊರಗಿನಿಂದ ಯಾರಾದ್ರೂ ಹಾಕ್ತಾರೆ," ಎಂದಳು ದೊಡ್ಡತ್ತೆ.

"ಬೇಡ."

ಮಾಮ ಓಡಿ ಬಂದು ಕೈ ಚಾಚಿದ. ಅಮ್ಮ ನೋಡಿದ ನೋಟಕ್ಕೆ ಕೈ ಹಿಂದೆಗೆದ. ಮೂರನೆಯ ಸಲವೂ ಬಾಗಿಲು ನಿಲ್ಲಲಿಲ್ಲ. ಅಮ್ಮ ತನ್ನ ಎಡಗೈಯನ್ನು ಬೇರೆ ಯಾರದೋ ಎನ್ನುವಂತೆ ತೊಡೆಯ ಮೇಲಿಟ್ಟು ನೋಡಿದಳು.

"ಸರಿಹೋಗಿದೆ ಅಂದ್ಕೊಂಡಿದ್ದೆ," ಎಂದಳು ಮೆಲ್ಲಗೆ. "ಬೇರೇನೂ ಆಗದಿದ್ರೂ ಬಾಗಿಲು ಹಾಕೋಷ್ಟಾದ್ರೂ ಈ ಕೈ ಬಂತು ಅಂತ."

* * *

ಹದಿನಾಲ್ಕು ವರ್ಷದ ಹಿಂದೆ, ಮಗಳಿಗೆ ಆಗ ಹನ್ನೆರಡು. ಅಮ್ಮನ ಎಡಗೈಯ ಮುರಿದ ಮಣಿಕಟ್ಟಿನ ಪಟ್ಟಿ ಬಿಚ್ಚಿದ್ದರು. ಮೂಳೆ ಸೊಟ್ಟಗೆ ಕೂಡಿಕೊಂಡು ಎರಡು ಬೆರಳು ಮಡಚಲು ಬಾರದಾಗಿದ್ದವು. ಎಲ್ಲಿಗೆ ಹೋದರೂ ಅಪ್ಪ ಇಳಿದು, ಸುತ್ತಿ ಬಂದು, ಅಮ್ಮನನ್ನು ಕೂರಿಸಿ ಬಾಗಿಲು ಹಾಕುತ್ತಿದ್ದ. ಒಂದು ದಿನ ಅಮ್ಮ ಸಿಡಿದಳು: "ನಾನೇನು ಸಾಮಾನಾ ರೀ? ಒಳಗಿಟ್ಟು ಬಾಗಿಲು ಹಾಕ್ತೀರಲ್ಲ!"

ಆ ಭಾನುವಾರ ಅಮ್ಮ ತಂಗಿಯ ಮನೆಗೆ ಹೋಗಿದ್ದಾಗ ಅಪ್ಪ ಬಾಗಿಲಿನ ರಬ್ಬರು ಕಿತ್ತುಹಾಕಿ, ಕಾರಿನ ಎಡಗಡೆ ಸೀಟಿನಲ್ಲಿ ಕೂತು ಬಾಗಿಲು ಎಳೆಯುತ್ತಲೇ ಇದ್ದ. ಇಳಿದು ಸ್ಕ್ರೂ ತಿರುಗಿಸುವನು, ಹತ್ತಿ ಎಳೆಯುವನು. ಎಡಗೈಯ ಎರಡು ಬೆರಳನ್ನು ಕಡ್ಡಿಯ ಹಾಗೆ ಚಾಚಿಕೊಂಡಿದ್ದ. ಇದೇನೋ ಆಟ ಎಂದುಕೊಂಡು ಅವಳು ಹೋಂವರ್ಕಿಗೆ ಮರಳಿದ್ದಳು.

* * *

ಅವಳು ಕಾರಿನಿಂದ ಇಳಿದಳು. ರಸ್ತೆ ತುಂಬ ಗ್ಯಾರೇಜಿನವರು ಕೈಕಟ್ಟಿ ನಿಂತಿದ್ದರು. ನಾಲ್ಕು ಜನರೆದುರು ನೀರು ಕೇಳಲೂ ನಾಚುವವಳು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಮ್ಮ, ತಪ್ಪು ನಿನ್ನ ಕೈಯದಲ್ಲ. ಮಾಮ ಬೆಳಿಗ್ಗೆ ಕೊಂಡಿ ಬಿಚ್ಚಿ ತಪ್ಪಾಗಿ ಕೂರಿಸಿದ್ದಾನೆ."

ಮಾಮನ ಮುಖ ಕೆಂಪಾಯಿತು. ಅವಳು ಕೊಂಡಿಯ ಪಕ್ಕದ ಗೀರಿನ ಮೇಲೆ ಬೆರಳಿಟ್ಟು, ಅವನನ್ನೇ ನೋಡಿದಳು. ಟಿಂಕರ್ ಯಾವುದನ್ನಾದರೂ ಅಳತೆ ಮಾಡಿ ಕೂರಿಸಿದ ಮೇಲೆ, ಆ ಜಾಗ ತಪ್ಪದಿರಲೆಂದು ಕೊರೆದಿಡುವ ಗುರುತು ಅದು. ಮಾಮ ಗೀರನ್ನು ನೋಡಿದ. ಅಮ್ಮನ ಕೈ ನೋಡಿದ.

"ಹೌದು ಅತ್ತಿಗೆ," ಎಂದ, ಗಟ್ಟಿಯಾಗಿಯೇ. "ಪೇಂಟರ್ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನಾಗುತ್ತೆ? ಕೆಡಿಸಿಟ್ಟೆ."

ಹಿಂದೆ ಯಾರೋ ಕಿಸಕ್ಕೆಂದರು. ಮಾಮ ಅತ್ತ ತಿರುಗಲಿಲ್ಲ. ಹೊಸ ರಬ್ಬರನ್ನು ಕಿತ್ತು ಜೇಬಿಗೆ ತುರುಕಿಕೊಂಡ. ಅವಳು ಸ್ಕ್ರೂ ಸಡಿಲಿಸಿ, ಕೊಂಡಿಯನ್ನು ಅಪ್ಪನ ಗೀರಿಗೆ ಸರಿಯಾಗಿ ಕೂರಿಸಿ ಬಿಗಿ ಮಾಡಿದಳು.

ಅಮ್ಮ ಎರಡು ಬೆರಳು ಚಾಚಿಕೊಂಡೇ ಬಾಗಿಲು ಎಳೆದಳು. ಟಕ್.

"ಪಾಪ, ಮಾಮನಿಗೆ ವಯಸ್ಸಾಯ್ತು," ಎಂದಳು.

ವ್ಯಾನು ಹೊರಟಿತು, ಅದರ ಹಿಂದೆ ಕಾರು. ರಬ್ಬರಿಲ್ಲದ ಸಂದಿನಿಂದ ದಾರದಂಥ ಬಿಸಿಲು ಒಳಗೆ ಬಂದು ಅಮ್ಮನ ತೊಡೆಯ ಮೇಲೆ ಬಿತ್ತು. ರಸ್ತೆ ತಿರುಗಿದ ಹಾಗೆ ಬಿಸಿಲೂ ಸರಿಯಿತು. ಅಮ್ಮ ಎಡಗೈಯನ್ನು ಅದರ ಕೆಳಗಿಟ್ಟು, ಅದು ಹೋದ ಕಡೆಗೆಲ್ಲ ಮೆಲ್ಲಗೆ ಸರಿಸುತ್ತ ಹೋದಳು.