ಇನ್ನೂರ ನಲವತ್ತು ವ್ಯಾಟ್

ಬಂಗಾರಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಶ್ರೀಧರ್ ಹನ್ನೊಂದು ವರ್ಷದಿಂದ ಕಂಪ್ಯೂಟರ್ ಮೇಷ್ಟ್ರು. ಮಕ್ಕಳ ಕೈಲಿ ಮದರ್‌ಬೋರ್ಡಿನ ಚಿತ್ರ ಬರೆಸುತ್ತಿದ್ದ, ಭಾಗಗಳಿಗೆ ಹೆಸರು ಬರೆಸುತ್ತಿದ್ದ, ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕ ಇಡುತ್ತಿದ್ದ. ಆದರೆ ಅಷ್ಟು ವರ್ಷದಲ್ಲಿ ಒಂದು ದಿನವೂ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕಿದವನಲ್ಲ. ಲ್ಯಾಬಿನಲ್ಲಿ ಏನಾದರೂ ಕೆಟ್ಟರೆ ಕೋಲಾರದಿಂದ ಒಬ್ಬಾತ ಬಂದು ಸರಿಮಾಡಿ ಹೋಗುತ್ತಿದ್ದ. ಆತ ಬಂದ ದಿನ ಶ್ರೀಧರ್ ಏನೋ ನೆಪ ಹೇಳಿ ಸ್ಟಾಫ್ ರೂಮಿಗೆ ಹೋಗಿ ಕೂರುತ್ತಿದ್ದ. ಪಕ್ಕದಲ್ಲಿ ನಿಂತರೆ ಏನಾದರೂ ಕೇಳಿಯಾನು ಎಂಬ ಅಳುಕು. ಈ ವಿಷಯ ಅವನ ಹೆಂಡತಿ ಅಂಬಿಕಳಿಗೂ ಗೊತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ನವ್ಯ ಫೋನ್ ಮಾಡಿದಳು. ಅವನ ಹಳೆಯ ವಿದ್ಯಾರ್ಥಿನಿ, ಈಗ ಇಪ್ಪತ್ತಮೂರು ವರ್ಷ. ಕೆಜಿಎಫ್‌ನ ನಂದಿದುರ್ಗ ಲೈನಿನ ಗಣಿ ಸಾಲುಮನೆಯಲ್ಲಿ ತಾತನ ಜೊತೆ ಇದ್ದುಕೊಂಡು, ಸ್ಟುಡಿಯೋದವರು ಕೊಡುವ ಮದುವೆ ವಿಡಿಯೋಗಳನ್ನು ಮನೆಯಲ್ಲೇ ಎಡಿಟ್ ಮಾಡಿಕೊಡುತ್ತಿದ್ದಳು.

"ಸಾರ್, ನನ್ ಸಿಸ್ಟಮ್ ಬೋ ತಡವರಿಸ್ತದೆ. ಒಂದು ಹಾಡು ಸೇರಿಸಿದ್ರೆ ಸಾಕು, ಅಂಗೇ ನಿಂತ್ಕೊಂಡ್ಬಿಡ್ತದೆ. ಗ್ರಾಫಿಕ್ಸ್ ಕಾರ್ಡ್ ಆಕಿಸೋಣ ಅಂತ ಒಂದು ನೋಡಿಟ್ಟಿದೀನಿ. ನಮ್ದಕ್ಕೆ ಅದು ಸರಿಯಾಗ್ತದಾ ಇಲ್ವಾ, ನೀವೊಂದ್ಸಲ ಬಂದು ನೋಡಿ ಏಳ್ತೀರಾ? ಪ್ಯಾಕ್ ಬಿಚ್ಚಿದ್ಮೇಲೆ ವಾಪಸ್ ತಗೊಳಲ್ವಂತೆ."

ನನಗೆ ಅದು ಗೊತ್ತಿಲ್ಲಮ್ಮ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಹುಡುಗಿಗೆ ಮೊದಲು ಮೌಸ್ ಹಿಡಿಯಲು ಕಲಿಸಿದವನು ಅವನೇ. "ಅದೇನು ಮಹಾ, ಭಾನುವಾರ ಬರ್ತೀನಿ" ಎಂದುಬಿಟ್ಟ.

ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೋದ. ಎರಡು ಕೋಣೆಯ ಹಳೆಯ ಮೈನಿಂಗ್ ಮನೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಬೆಂಗಳೂರಿನ ಯಾವುದೋ ಆಫೀಸಿನವರು ಬಳಸಿ ಮಾರಿದ್ದ ಸಣ್ಣ ಕ್ಯಾಬಿನೆಟ್ಟಿನ ಸಿಸ್ಟಮ್ ಅದು. ಶ್ರೀಧರ್ ಅದನ್ನು ಆನ್ ಮಾಡಿ, ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಪರದೆಯ ಮೇಲೆ ನೋಡಿದ. ಅವನಿಗೆ ನೋಡಲು ಗೊತ್ತಿದ್ದುದು ಅಷ್ಟೇ.

ನವ್ಯಳ ತಾತ ವೆಂಕಟೇಶಪ್ಪ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ಎಪ್ಪತ್ತೆರಡರ ವಯಸ್ಸು. ನಂದಿದುರ್ಗ ಗಣಿಯಲ್ಲಿ, ಅದು ಮುಚ್ಚುವವರೆಗೂ, ಎಲೆಕ್ಟ್ರಿಷಿಯನ್ ಆಗಿದ್ದವರು. ನೆಲದೊಳಗೆ ಸಾವಿರಾರು ಅಡಿ ಇಳಿದು ಪಂಪುಗಳಿಗೆ ಕರೆಂಟು ಕೊಟ್ಟವರು. ಗಣಿ ನಿಂತ ಮೇಲೆ ತಮ್ಮ ಮನೆಯೂ ಸೇರಿ ಆ ಸಾಲಿನ ಒಂಬತ್ತು ಮನೆಗಳ ಹಳೇ ವೈರು ಕಿತ್ತು ಹೊಸದು ಎಳೆದವರೂ ಅವರೇ.

"ಮೇಷ್ಟ್ರೇ, ಆ ಕಾರ್ಡು ಅಂಬೋದು ಎಷ್ಟು ವ್ಯಾಟ್ ಎಳೀತದೆ?" ಎಂದು ಕೇಳಿದರು. "ಇದ್ರೊಳಗಿರೋ ಸಪ್ಲೈ ಡಬ್ಬ ಎಷ್ಟು ಕೊಡ್ತದೆ?"

ಶ್ರೀಧರ್ ನಕ್ಕ. "ಇದು ಕಂಪ್ಯೂಟರ್ ತಾತ, ಮೋಟಾರಲ್ಲ."

"ಕರೆಂಟು ಎಲ್ಲಾದ್ರಾಗೂ ಒಂದೇ ಅಲ್ವಾ ಸಾಮಿ? ನಿಲ್ಲಿ, ಸ್ಕ್ರೂ ಡ್ರೈವರ್ ಕೊಡ್ತೀನಿ. ಬಿಚ್ಚಿ ನೋಡ್ಬೋದು."

"ಬೇಡ ಬೇಡ. ಬಿಚ್ಚಿದರೆ ವಾರಂಟಿ ಹೋಗುತ್ತೆ."

ಹಳೆಯ ಸಿಸ್ಟಮ್ಮಿಗೆ ಯಾವ ವಾರಂಟಿ! ಹೇಳಿದವನಿಗೇ ಅದು ಗೊತ್ತಿತ್ತು. ಆದರೆ ಮೇಷ್ಟ್ರ ಮಾತೆಂದು ಇಬ್ಬರೂ ನಂಬಿದರು. "ತರಿಸು ನವ್ಯ, ಆರಾಮಾಗಿ ಆಗುತ್ತೆ" ಎಂದು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಹೊರಟ.

ಕಾರ್ಡ್ ಬಂದ ದಿನ ಅವಳೇ ಫೋನ್ ಮಾಡಿದಳು. ಕಾರ್ಡಿಗೆ ಬೇರೆಯಾಗಿ ಒಂದು ಪವರ್ ವೈರು ಚುಚ್ಚಬೇಕಂತೆ, ಇಂಥ ಆಫೀಸ್ ಸಿಸ್ಟಮ್ಮುಗಳೊಳಗೆ ಅಂಥ ವೈರೇ ಇರುವುದಿಲ್ಲವಂತೆ. ಶ್ರೀಧರ್ ಬಂಗಾರಪೇಟೆಯ ಬಜಾರ್ ರಸ್ತೆಯ ಅಂಗಡಿಗೆ ಹೋದ. ಅಂಗಡಿಯ ಸುಬ್ರಮಣಿ, ಹಾರ್ಡ್ ಡಿಸ್ಕಿನ ವೈರಿನಿಂದ ಕಾರ್ಡಿಗೆ ಕರೆಂಟು ತಿರುಗಿಸುವ ಕನ್ವರ್ಟರ್ ವೈರು ತೆಗೆಯುತ್ತಾ, "ಎಸ್‌ಎಂಪಿಎಸ್ ಎಷ್ಟು ವ್ಯಾಟಿಂದು ಸಾರ್?" ಎಂದ. ಒಳಗೆ ಕೂತು ಇಡೀ ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಕ್ಕೆ ಎಸ್‌ಎಂಪಿಎಸ್ ಎನ್ನುತ್ತಾರೆ. ವೆಂಕಟೇಶಪ್ಪ ಕೇಳಿದ್ದೂ ಅದನ್ನೇ.

"ಆರುನೂರು" ಎಂದ ಶ್ರೀಧರ್. ನೋಡದೆ ಹೇಳಿದ ಸಂಖ್ಯೆ.

"ಆರುನೂರಾದ್ರೆ ಪರ್ವಾಗಿಲ್ಲ. ಅದಕ್ಕಿಂತ ಕಮ್ಮಿ ಇದ್ರೆ ಇದನ್ನ ಆಕ್ಬೇಡಿ, ಸುಟ್ಟೋಗ್ತದೆ."

ಅಂದು ಸಂಜೆ ನವ್ಯಳ ಮನೆಗೆ ಹೋಗಿ, ಬದುಕಿನಲ್ಲಿ ಮೊದಲ ಸಲ ಕ್ಯಾಬಿನೆಟ್ ಬಿಚ್ಚಿದ. ಕಾರ್ಡ್ ಉದ್ದವಾಯಿತು. ಹಾರ್ಡ್ ಡಿಸ್ಕಿನ ವೈರುಗಳನ್ನು ಒತ್ತಿ ಮಡಿಸಿ ಹೇಗೋ ಕೂರಿಸಿದ. ನವ್ಯ ಟಾರ್ಚ್ ಹಿಡಿದಿದ್ದಳು. ಪರದೆ ಹೊತ್ತಿಕೊಂಡಾಗ ಅವಳು ಚಪ್ಪಾಳೆ ತಟ್ಟಿದಳು. ಶ್ರೀಧರನ ಎದೆಯೂ ಉಬ್ಬಿತು. ಇಷ್ಟೇನಾ, ಇದಕ್ಕಾ ನಾನು ಹನ್ನೊಂದು ವರ್ಷ ಹೆದರಿದ್ದು ಎನ್ನಿಸಿತು.

ನಾಲ್ಕನೇ ದಿನ ಅದು ಸುಟ್ಟಿತು. ಒಂದು ಮದುವೆಯ ಪೂರ್ತಿ ವಿಡಿಯೋ ಕೊನೆಯ ಸಲ ತಯಾರಾಗುತ್ತಿರುವಾಗ ಒಳಗಿಂದ ಪಟ್ ಎಂದಿತು, ಹೊಗೆ ಬಂತು, ಮನೆಯೆಲ್ಲ ಪ್ಲಾಸ್ಟಿಕ್ ಕಮಟು. ನವ್ಯ ಫೋನ್ ಮಾಡಿದಳು, ಶಾಲೆ ಬಿಟ್ಟವನೇ ಶ್ರೀಧರ್ ಓಡಿದ.

ಮುಚ್ಚಳ ತೆಗೆದ. ಕನ್ವರ್ಟರ್ ವೈರಿನ ತುದಿ ಕರಗಿ ಕಪ್ಪಾಗಿತ್ತು. ಹಾರ್ಡ್ ಡಿಸ್ಕಿನ ಬಾಯಿಯೂ ಸುಟ್ಟಿತ್ತು. ಡಬ್ಬವನ್ನು ಹೊರಗೆಳೆದಾಗ ಅದರ ಬದಿಯಲ್ಲಿ ಅಂಟಿಸಿದ್ದ ಚೀಟಿ ಕಂಡಿತು: ೨೪೦ ವ್ಯಾಟ್. ಮೇಜಿನ ಮೇಲೆ ಕಾರ್ಡಿನ ಖಾಲಿ ಪೆಟ್ಟಿಗೆ ಇತ್ತು. ಅದರ ಮೇಲೂ ದಪ್ಪಕ್ಷರದಲ್ಲಿ ಬರೆದಿತ್ತು, ಕನಿಷ್ಠ ೫೫೦ ವ್ಯಾಟ್ ಬೇಕು ಎಂದು. ಕಾರ್ಡ್ ಕೂರಿಸಿದ ದಿನವೂ ಎರಡೂ ಸಂಖ್ಯೆಗಳು ಅಲ್ಲೇ ಇದ್ದವು. ಓದು ಬರುವ ಯಾರಾದರೂ ಓದಬಹುದಿತ್ತು.

ನವ್ಯ ಮತ್ತು ತಾತ ಅವನ ಬೆನ್ನ ಹಿಂದೆ ನಿಂತಿದ್ದರು. ಶ್ರೀಧರ್ ಆ ಡಬ್ಬವನ್ನು ಚೀಟಿ ಕೆಳಗಾಗುವಂತೆ ಮಗುಚಿಟ್ಟ.

"ಏನಾಯ್ತು ಸಾರ್?"

"ಮನೆ ವೈರಿಂಗ್ ಪ್ರಾಬ್ಲಮ್ ಅನ್ಸುತ್ತೆ" ಎಂದ ಶ್ರೀಧರ್. "ಅರ್ಥಿಂಗ್ ಸರಿ ಇಲ್ಲದಿದ್ದರೆ ಹೀಗಾಗುತ್ತೆ."

ಅವಳು ತಾತನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೆಲ ನೋಡಿದಳು. ವೆಂಕಟೇಶಪ್ಪನವರೇ, "ವೈರಿಂಗ್ ನಂದೇ" ಎಂದರು. ಜಗಳಕ್ಕೆ ನಿಂತಿದ್ದರೆ ಶ್ರೀಧರನಿಗೆ ಹಗುರವಾಗುತ್ತಿತ್ತು. ಅವರು ಗೋಡೆಯ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತರು.

ಮನೆಗೆ ಬಂದಾಗ ಅಂಬಿಕ ಕೇಳಿದಳು. "ಪಾಪ, ಅವರ ಮನೆ ವೈರಿಂಗ್ ಹಳೇದು" ಎಂದ. ಎರಡನೇ ಸಲ ಹೇಳುವುದು ಸುಲಭವಾಗಿತ್ತು, ಅದೇ ಅವನನ್ನು ಹೆದರಿಸಿತು. ನಾಳೆ ಹೇಳೋಣ ಎಂದುಕೊಂಡ. ನಾಳೆ ಶಾಲೆಯಲ್ಲಿ ಟೆಸ್ಟ್ ಇತ್ತು. ಆಮೇಲೆ ಶನಿವಾರ ಎಂದುಕೊಂಡ. ಹೀಗೆ ಎಂಟು ದಿನ ಹೋದವು. ನಡುವೆ ಒಮ್ಮೆ ನವ್ಯಳ ಮೆಸೇಜ್ ಬಂತು: ಸ್ಟುಡಿಯೋದವರು ಆ ಮದುವೆಯ ಕೆಲಸವನ್ನು ಬೇರೆಯವರಿಗೆ ಕೊಟ್ಟರಂತೆ. ಅವನು ಕೈಮುಗಿದ ಚಿಹ್ನೆ ಒಂದನ್ನು ಕಳಿಸಿ ಫೋನ್ ಮಗುಚಿಟ್ಟ.

ಒಂಬತ್ತನೇ ದಿನ ಅವಳು ಫೋನ್ ಮಾಡಿದಳು.

"ಸಾರ್, ಒಂದ್ಸಲ ಬಂದು ತಾತಂಗೆ ಏಳಿ. ನಾಲ್ಕು ದಿನದಿಂದ ಮೈನ್ ಆಫ್ ಮಾಡಿ ಮನೆ ವೈರೆಲ್ಲಾ ಕೀಳ್ತಾವ್ರೆ. ಎಷ್ಟು ಏಳಿದ್ರೂ ಕೇಳಲ್ಲ. ಸ್ಟೂಲ್ ಮೇಲಿಂದ ಬಿದ್ದುಗಿದ್ದಾರು ಅಂತ ನಂಗೆ ಭಯ."

ಅವನು ಹೋದಾಗ ಇನ್ನೂ ಬಿಸಿಲಿತ್ತು. ಬಾಗಿಲಲ್ಲೇ ಕಾಲು ನಿಂತಿತು. ಗೋಡೆಯ ಮೇಲಿನ ವೈರಿನ ಪಟ್ಟಿಗಳು ಕಿತ್ತು ಬಂದಿದ್ದವು. ಕೆಂಪು ಕಪ್ಪು ವೈರುಗಳನ್ನು ಚಾಪೆಯ ಮೇಲೆ ಸಾಲಾಗಿ ಹಾಸಿ, ಒಂದೊಂದು ಜಾಯಿಂಟಿನ ಟೇಪನ್ನೂ ಬಿಚ್ಚಿಡಲಾಗಿತ್ತು. ವೆಂಕಟೇಶಪ್ಪ ಸ್ಟೂಲಿನ ಮೇಲೆ ನಿಂತು ಸೂರಿನ ಹತ್ತಿರ ಬೆರಳಾಡಿಸುತ್ತಿದ್ದರು. ಬನಿಯನ್ ಬೆವರಿಗೆ ಅಂಟಿಕೊಂಡಿತ್ತು.

"ಬನ್ನಿ ಮೇಷ್ಟ್ರೇ" ಎಂದರು. "ಇಪ್ಪತ್ತೆಂಟು ಜಾಯಿಂಟು. ಎಲ್ಲಾ ನೋಡ್ದೆ. ಒಂದೂ ತಪ್ಪು ಕಾಣಲ್ದು. ಅರ್ಥಿಂಗ್ ಗುಂಡಿನೂ ಅಗೆದೆ, ಕಂಬಿ ಅಂಗೇ ಐತೆ. ನನ್ ಕಣ್ಣೇ ಓಗ್ಬಿಟ್ಟೈತೋ ಏನೋ. ನೀವೊಂದ್ಸಲ ನೋಡಿ, ಎಲ್ಲಿ ತಪ್ಪೈತೆ ಏಳಿ. ಪಕ್ಕದ್ಮನೆಗಳ್ಗೂ ಓಗಿ ಏಳ್ಬಂದೆ, ನಾನು ಮಾಡಿರೋ ವೈರಿಂಗು ನಂಬ್ಕೋಬ್ಯಾಡಿ, ದೊಡ್ಡ ಸಾಮಾನು ಆಕ್ಬ್ಯಾಡಿ ಅಂತ. ಎಂಟು ಮನೆ. ಮಕ್ಳುಮರಿ ಇರೋ ಮನೆಗಳು."

ಎಂಟು ಮನೆ ಎಂಬ ಮಾತು ಕೇಳಿದಾಗ ಶ್ರೀಧರ್ ಒಳಗೆ ಬಂದ. ಸ್ಟೂಲ್ ಹಿಡಿದುಕೊಂಡ.

"ತಾತ, ಕೆಳಗಿಳೀರಿ."

"ಇನ್ನೊಂದು ಜಾಯಿಂಟ್..."

"ವೈರಿಂಗ್ ಸರಿ ಇದೆ ತಾತ. ಮೊದಲಿಂದಲೂ ಸರಿ ಇದೆ. ಸುಟ್ಟಿದ್ದು ನನ್ನಿಂದ. ನೀವು ಕೇಳಿದ್ರಲ್ಲ, ಸಪ್ಲೈ ಡಬ್ಬ ಎಷ್ಟು ಕೊಡುತ್ತೆ ಅಂತ. ಇನ್ನೂರ ನಲವತ್ತು. ಕಾರ್ಡಿಗೆ ಐನೂರೈವತ್ತರದು ಬೇಕಿತ್ತು. ನಾನು ನೋಡಲಿಲ್ಲ. ನೋಡೋದು ಹೇಗೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಂಗಡಿಯವನು ಕೇಳಿದಾಗಲೂ ಸುಳ್ಳು ಹೇಳಿದೆ."

ನವ್ಯ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು. ವೆಂಕಟೇಶಪ್ಪ ನಿಧಾನವಾಗಿ ಇಳಿದು ಸ್ಟೂಲಿನ ಮೇಲೆಯೇ ಕೂತರು.

"ಯಾವಾಗ ಗೊತ್ತಾಯ್ತು?"

"ಸುಟ್ಟ ದಿನವೇ. ಚೀಟಿ ಓದಿದೆ. ಓದಿ ಮಗುಚಿಟ್ಟೆ."

"ಒಂಬತ್ತು ದಿನ" ಎಂದಳು ನವ್ಯ. ಮೆಲ್ಲಗೆ, ಲೆಕ್ಕ ಸರಿಯಿದೆಯಾ ಎಂದು ತನ್ನಷ್ಟಕ್ಕೆ ನೋಡಿಕೊಳ್ಳುವವಳ ಹಾಗೆ. "ತಾತ ಸರಿಯಾಗಿ ಊಟ ಮಾಡಿಲ್ಲ ಸಾರ್."

ಶ್ರೀಧರನಿಗೆ ತಲೆ ಎತ್ತಲಾಗಲಿಲ್ಲ. ಬೈಯಲಿ ಎಂದು ಕಾದ. ಮುದುಕರು ಬೈಯಲಿಲ್ಲ. ಟವಲಿನಿಂದ ಮುಖ ಒರೆಸಿಕೊಂಡು, ಅಂಗಿ ಹಾಕಿಕೊಂಡು, ಗುಂಡಿಗಳನ್ನು ಒಂದೊಂದಾಗಿ ಕುತ್ತಿಗೆಯವರೆಗೂ ಹಾಕಿಕೊಂಡರು.

"ನಡೀರಿ ಮೇಷ್ಟ್ರೇ. ನಾನು ಎಂಟು ಮನೆಗೆ ಏಳ್ಬಂದಿದೀನಿ. ಅಲ್ಲೀಗ ನೀವು ಬಂದು ಏಳಿ. ನಾನು ಏಳಿದ್ರೆ ಮುದುಕ ತನ್ನ ತಪ್ಪು ಮುಚ್ಕೊತಾವ್ನೆ ಅಂತಾರೆ."

ಮೊದಲನೇ ಮನೆಯಲ್ಲಿ ಶ್ರೀಧರ್ ತಡವರಿಸಿದ. ಕಾರ್ಡ್, ಎಸ್‌ಎಂಪಿಎಸ್ ಎಂದೆಲ್ಲ ಸುತ್ತಿ ಹೇಳಿದ. ಬಾಗಿಲಿಗೆ ಬಂದ ಹೆಂಗಸಿಗೆ ಏನೂ ತಿಳಿಯಲಿಲ್ಲ. ವೆಂಕಟೇಶಪ್ಪ ಪಕ್ಕದಲ್ಲೇ ಇದ್ದರೂ ಸಹಾಯಕ್ಕೆ ಬರಲಿಲ್ಲ. ಕೊನೆಗೆ, "ಇವರ ವೈರಿಂಗಲ್ಲಿ ತಪ್ಪಿಲ್ಲ. ತಪ್ಪು ನನ್ನದು. ನಾನು ಇವರ ಮೇಲೆ ಹಾಕಿದೆ" ಎಂದ. ಇದು ತಿಳಿಯಿತು. ಎರಡನೇ ಮನೆಯಿಂದ ಆ ಮೂರು ಮಾತನ್ನೇ ಹೇಳಿದ.

ಮೂರನೇ ಮನೆಯ ಮುನಿನಾರಾಯಣಮ್ಮ ಒರಳುಕಲ್ಲಿನ ಮುಂದಿಂದ ಎದ್ದು ಬಂದರು. ಮಿಕ್ಸಿ ಹಾಕಬಾರದೆಂದು ನಾಲ್ಕು ದಿನದಿಂದ ರುಬ್ಬುತ್ತಿದ್ದರಂತೆ. ಅಂಗೈಯ ಬೊಬ್ಬೆಯನ್ನು ಅವನ ಮುಂದೆ ಚಾಚಿದರು. "ನೋಡಪ್ಪ. ಓದ್ಕೊಂಡಿರೋನು ನೀನು. ಒಂದ್ಮಾತು ಮೊದ್ಲೇ ಏಳಕ್ಕೇನಾಗಿತ್ತು ನಿಂಗೆ?"

ಆರನೇ ಮನೆಯ ಬಾಗಿಲು ತೆಗೆದವಳು ಲಿಖಿತ, ಅವನದೇ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿ. ಇನ್ನೂ ಯೂನಿಫಾರಂ ಬಿಚ್ಚಿರಲಿಲ್ಲ. "ಸಾರ್!" ಎಂದು ಮುಖ ಅರಳಿಸಿ, ಒಳಗೆ ಓಡಿ ಕುರ್ಚಿ ತಂದಿಟ್ಟಳು. ಅವಳ ಅಮ್ಮ ಬಂದರು. ಶ್ರೀಧರ್ ವೆಂಕಟೇಶಪ್ಪನವರ ಮುಖ ನೋಡಿದ. ಈ ಮನೆ ಒಂದನ್ನು ಬಿಡೋಣವೇ ಎಂದು ಕಣ್ಣಲ್ಲೇ ಬೇಡಿದ. ಮುದುಕರು ಬೇರೆ ಕಡೆ ನೋಡಿದರು. ಕುರ್ಚಿಯಲ್ಲಿ ಕೂರದೆ, ನಿಂತೇ, ಆ ಹುಡುಗಿಯ ಎದುರಿಗೇ ಅವನು ಮೂರೂ ಮಾತು ಹೇಳಿದ. ಲಿಖಿತ ಒಮ್ಮೆ ಅವನನ್ನು, ಒಮ್ಮೆ ಅಮ್ಮನನ್ನು ನೋಡಿ, ಮೆಲ್ಲಗೆ ಒಳಗೆ ಹೋಗಿಬಿಟ್ಟಳು. ಅವಳು ನಕ್ಕಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಎಂಟೂ ಮನೆ ಮುಗಿದಾಗ ವೆಂಕಟೇಶಪ್ಪ, "ಆಯ್ತು, ಓಗಿ" ಎಂದರು. ಕಾಫಿ ಕುಡಿದು ಹೋಗಿ ಎನ್ನಲಿಲ್ಲ. ಆದರೆ ಮನೆಯ ಕಡೆ ನಡೆಯುವಾಗ ಅವರ ಬೆನ್ನು ನೆಟ್ಟಗಿತ್ತು. ಮುನಿನಾರಾಯಣಮ್ಮ ಬಾಗಿಲಿಂದಲೇ "ಅಣ್ಣೋ, ನಮ್ ಟ್ಯೂಬ್‌ಲೈಟು ಮಿಣಮಿಣ ಅಂತದೆ, ನಾಳೆ ಒಸಿ ನೋಡೂ" ಎಂದು ಕೂಗಿದ್ದು, ಅವರು ಕೈ ಎತ್ತಿದ್ದು ಶ್ರೀಧರನಿಗೆ ಕಾಣಿಸಿತು.

ಮನೆಗೆ ಹೋಗಿ ಅಂಬಿಕಳಿಗೆ ಎಲ್ಲ ಹೇಳಿದ, ಹನ್ನೊಂದು ವರ್ಷದ್ದನ್ನೂ ಸೇರಿಸಿ. ಅವಳು ಪೂರ್ತಿ ಕೇಳಿ, "ಅವರು ಕಳೆದುಕೊಂಡಿದ್ದನ್ನ ತಂದುಕೊಡಿ ರೀ, ಮೊದಲು ಅದು ಮಾಡಿ" ಎಂದಳು. ಸುಟ್ಟದ್ದಕ್ಕೆಲ್ಲ ಬದಲು ತಾನೇ ತರುವುದಾಗಿ ಅವನು ನವ್ಯಳಿಗೆ ಬರೆದ. "ಆಯ್ತು ಸಾರ್" ಎಂದಷ್ಟೇ ಉತ್ತರ ಬಂತು.

ಮುಂದಿನ ವಾರ ಅವಳು ಒಂದು ಹಾಳೆಯ ಫೋಟೋ ಕಳಿಸಿದಳು. ತರಿಸಲು ನೋಡಿಟ್ಟ ಹೊಸ ಕ್ಯಾಬಿನೆಟ್ಟಿನ ಒಳಗಿನ ಉದ್ದ, ಟೇಪ್ ಹಿಡಿದು ಅಳೆದ ಕಾರ್ಡಿನ ಉದ್ದ, ಯಾವ ಭಾಗ ಎಷ್ಟು ವ್ಯಾಟ್ ಎಳೆಯುತ್ತದೆ, ಒಟ್ಟು ಎಷ್ಟು, ಎಲ್ಲವನ್ನೂ ಬರೆದಿದ್ದಳು. ಕೂಡಿದ ಅಂಕಿಗಳು ತಾತನ ಕೈಬರಹದಲ್ಲಿದ್ದವು. ಕೆಳಗೆ ಕೇಳಿದ್ದಳು: "ಹೊಸ ಮದರ್‌ಬೋರ್ಡು ಹಳೇ ಪ್ರೊಸೆಸರಿಗೆ ಆಗುತ್ತಾ ಅನ್ನೋದೊಂದು ಗೊತ್ತಾಗ್ತಿಲ್ಲ. ನಿಮಗೆ ಗೊತ್ತಾ?"

ಶ್ರೀಧರ್ ಬಹಳ ಹೊತ್ತು ಆ ಹಾಳೆ ನೋಡಿದ. "ಗೊತ್ತಿಲ್ಲ ನವ್ಯ. ಕೇಳಿಕೊಂಡು ಬಂದು ಹೇಳ್ತೀನಿ" ಎಂದು ಬರೆದ. ಆಮೇಲೆ ಬಜಾರ್ ರಸ್ತೆಗೆ ಹೋಗಿ, ಸುಬ್ರಮಣಿಯ ಅಂಗಡಿಯ ಮುಂದೆ ಗಿರಾಕಿಗಳೆಲ್ಲ ಕೇಳುತ್ತಿರುವಾಗಲೇ, ಒಂಬತ್ತನೇ ಕ್ಲಾಸಿನವರು ಕೇಳುವಂಥ ಪ್ರಶ್ನೆಯನ್ನು ಕೇಳಿದ. ಆ ಬೋರ್ಡು ಆಗುವುದಿಲ್ಲ, ಬೇರೆಯದು ಬೇಕು ಎಂದ ಸುಬ್ರಮಣಿ. ಯಾಕೆ ಎಂದು ಕೇಳಿದ ಶ್ರೀಧರ್. ಸುಬ್ರಮಣಿ ಎರಡು ಬೋರ್ಡು ತೆಗೆದು ಪಕ್ಕಪಕ್ಕ ಇಟ್ಟು ತೋರಿಸಿದ. ಶ್ರೀಧರ್ ಬಗ್ಗಿ ನೋಡಿದ.