ಬಾಗಿಲಿನ ಅಡಿಯಂಚು

ಬಡಗಿ ಗಾಡಿ ತರಲು ಬೀದಿಯ ತುದಿಗೆ ಹೋಗಿದ್ದ. ಅವಳಿಗೆ ಸಿಕ್ಕಿದ್ದು ಐದೇ ನಿಮಿಷ. ಕೀಲು ಬಿಚ್ಚಿದ ಮೂರು ಬಾಗಿಲುಗಳು ಪಡಸಾಲೆಯ ಗೋಡೆಗೆ ಮಗ್ಗುಲಾಗಿ ಒರಗಿದ್ದವು. ಮಂಡಿಯೂರಿ ಕುಳಿತು, ಒಂದೊಂದರ ಅಡಿಯಂಚಿಗೂ ನೇಲ್ ಪಾಲಿಶ್‌ನ ಒಂದೊಂದು ಕೆಂಪು ಚುಕ್ಕೆ ಇಟ್ಟು, ಊದಿ ಒಣಗಿಸಿದಳು.

ಈ ಅನುಮಾನ ಹುಟ್ಟಿಸಿದವನು ಬಡಗಿಯೇ. ಮೊದಲ ದಿನ ಅಂಗೈಯಗಲ ಹಸಿರು ಬಣ್ಣ ಕೆರೆದು ನೋಡಿ, "ಇಂಥ ತೇಗ ಈಗ ದುಡ್ಡು ಸುರಿದ್ರೂ ಸಿಗಲ್ಲ ಅಕ್ಕ" ಎಂದಿದ್ದ. ಸಿಗದ ಮಾಲು ಎಂದು ಗೊತ್ತಿದ್ದವನು ಶೆಡ್ಡಿಗೆ ಒಯ್ದು ಅದನ್ನೇ ವಾಪಸು ತಂದಾನೆಯೇ? ತರಕಾರಿಯವನ ತಕ್ಕಡಿಯನ್ನೂ ಬಗ್ಗಿ ನೋಡುವ ಹೆಂಗಸು ಅವಳು.

ಬಾಗಿಲುಗಳನ್ನು ಗಾಡಿಗೇರಿಸಿ ಹಗ್ಗ ಬಿಗಿಯುತ್ತಾ ಬಡಗಿ ಹೇಳಿದ, "ಕೆಲಸ ಹಿಡಿಸಿದ್ರೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಅಕ್ಕ. ಅವರ ಮನೇಲಿ ಎಂಟು ಬಾಗಿಲಿವೆ. ಎರಡು ತಿಂಗಳಿಂದ ಕೈ ಖಾಲಿ."

ವಾರ ಕಳೆದು ಅವಳು ಆಫೀಸಿನಿಂದ ಬರುವಷ್ಟರಲ್ಲಿ ಬಾಗಿಲುಗಳು ಚೌಕಟ್ಟಿನಲ್ಲಿ ಕೂತಿದ್ದವು. ಬಣ್ಣ ಹೋಗಿ ಮರ ಜೇನಿನಂತೆ ಹೊಳೆಯುತ್ತಿತ್ತು. ಮೊದಲು ಭುಜ ಕೊಟ್ಟು ನೂಕಬೇಕಿದ್ದ ಅಡುಗೆಮನೆ ಬಾಗಿಲು ಈಗ ಒಂದು ಬೆರಳಿಗೆ ಸರಿಯಿತು. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಅವಳು ಬಾಗಿಲನ್ನು ಮತ್ತೆ ಮತ್ತೆ ತಳ್ಳಿ ತೂಕ ನೋಡಿದಳು.

"ಇವು ನಮ್ಮವೇನಾ ಮೇಸ್ತ್ರಿ?"

ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ಬಡಗಿಯ ಕೈ ನಿಂತಿತು. "ನಿಮ್ಮವೇ."

"ನಮ್ಮವು ಇಷ್ಟು ಹಗುರ ಇರಲಿಲ್ಲ."

"ನಾಲ್ಕು ಕೋಟ್ ಬಣ್ಣ ಹೋಯ್ತಲ್ಲ ಅಕ್ಕ. ಉಬ್ಬಿದ ಕಡೆ ಸವರಿದ್ದೀನಿ, ಕೀಲೂ ಹೊಸದು." ಗಂಟು ಬಿಗಿದು ಎದ್ದ. "ನೋಡೋ ಕಡೆ ನೋಡಿ, ನಿಮಗೇ ಗೊತ್ತಾಗುತ್ತೆ."

ಎಷ್ಟು ಕೊಬ್ಬು, ಎಂದುಕೊಂಡಳು.

ರಾತ್ರಿ ಗಂಡನ ಮುಂದೆ ಚುಕ್ಕೆಯ ಗುಟ್ಟು ಬಿಚ್ಚಿದಳು. ಬಾಗಿಲು ನೆಲಕ್ಕೆ ಒಂದೇ ಬೆರಳಿನ ಸಂದು ಬಿಟ್ಟು ನಿಂತಿತ್ತು, ನೋಡುವುದು ಹೇಗೆಂದು ಕೇಳಿದಳು.

"ಚುಕ್ಕೆ ಇಟ್ಟಿದ್ದು ಎಲ್ಲಿ?"

"ಹಸಿರು ಬಣ್ಣದ ಮೇಲೆ."

"ಬಾಗಿಲು ಕೊಟ್ಟಿದ್ದು ಯಾಕೆ?"

"ಬಣ್ಣ ತೆಗ್ಸೋಕೆ…" ಎಂದವಳು ಅಲ್ಲಿಗೇ ನಿಂತಳು. ಅವನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಅವಳಿಗೆ ಮೈ ಉರಿದುಹೋಯಿತು. ಬಡಗಿಯ ಮೇಲಿದ್ದ ಸಿಟ್ಟು ಅದರಿಂದ ಇಮ್ಮಡಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕೇಳಿದರು, "ಹೇಗಿದೆ ಕೆಲಸ? ನಾಳೆ ನಮ್ಮನೆಗೂ ಬನ್ನಿ ಅಂದಿದ್ದೀನಿ ಮೇಸ್ತ್ರಿಗೆ."

"ಕೆಲಸ ಚೆನ್ನಾಗೇ ಇದೆ. ಹೋದ ಬಾಗಿಲೇ ಬಂತಾ ಅಂತ ಮಾತ್ರ ಕೇಳ್ಬೇಡಿ."

ಆಕೆ ಹುಬ್ಬೇರಿಸಿ, ಅಲ್ಲೇ ಫೋನ್ ಹಚ್ಚಿದರು. "ನಾಳೆ ಬರೋದು ಬೇಡ ಮೇಸ್ತ್ರಿ. ಇಲ್ಲ, ಆಮೇಲೂ ಬೇಡ. ಯಾಕೆ ಅಂತ ನಿಮಗೇ ಗೊತ್ತಿರ್ಬೇಕು." ಆ ಕಡೆಯಿಂದ ಕೇಳಿಸಿದ್ದು "ಆಗಲಿ ಅಮ್ಮ" ಎಂಬುದಷ್ಟೇ. ವಾದ ಮಾಡದಿದ್ದುದೂ ಅವಳಿಗೆ ಒಂದು ಸಾಕ್ಷಿಯಾಗಿ ಕಂಡಿತು.

ಮಂಚದ ಮೇಲಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಅವಳನ್ನು ಕರೆದರು. "ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ? ಮುಖ ತೊಳೆದವನು ಅಂಗಾಲು ತೊಳೆದಿರಲ್ಲ. ಅಡಿ ನೋಡು. ನಮ್ಮ ಬಾಗಿಲಾದ್ರೆ ನಲವತ್ತು ವರ್ಷ ನೆಲ ಒರೆಸಿದ ನೀರು ಕುಡಿದು ಕಪ್ಪಗಿರುತ್ತೆ."

"ಅಲ್ಲಿ ತಲೆ ಹೋಗಲ್ಲ ಅತ್ತೆ."

"ತಲೆ ಯಾಕೆ? ಕನ್ನಡಿ ಹೋಗುತ್ತಲ್ಲ."

ಇದು ತನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಬೈದುಕೊಂಡು ಕೈಗನ್ನಡಿ, ಟಾರ್ಚು ತಂದಳು. ಅತ್ತೆಯ ಕೋಣೆಯ ಬಾಗಿಲು ಮುಚ್ಚಿ, ಹೊರಗೆ ನೆಲಕ್ಕೆ ಕೆನ್ನೆಯೂರಿ ಮಲಗಿ ಕನ್ನಡಿಯನ್ನು ಸಂದಿಗೆ ತೂರಿಸಿದಳು. ಸಿಕ್ಕಿಬಿದ್ದ, ಎಂದು ಮನಸ್ಸು ಆಗಲೇ ಕುಣಿಯುತ್ತಿತ್ತು.

ಮರ ಕಪ್ಪಗಿತ್ತು. ಅಡಿಯಂಚನ್ನೂ ಉಪ್ಪುಕಾಗದ ಹಾಕಿ ತಿಕ್ಕಿದ್ದ, ಕಪ್ಪು ಹೋಗಿರಲಿಲ್ಲ. ಕನ್ನಡಿಯನ್ನು ಇನ್ನಷ್ಟು ಸರಿಸಿದಳು. ನಡುವೆ ಒಂದೇ ಕಡೆ, ಉಗುರಿನಗಲ, ಹಸಿರು ಬಣ್ಣ ಹಾಗೇ ಉಳಿದಿತ್ತು. ಸುತ್ತ ಉಳಿ ಹಿಡಿದು ಚೌಕವಾಗಿ ಕೊರೆದಿದ್ದ. ಚೌಕದ ಒಳಗೆ ಅವಳ ಕೆಂಪು ಚುಕ್ಕೆ.

ಅಡುಗೆಮನೆ ಬಾಗಿಲಿಗೆ ಹೋಗಿ ಮಲಗಿದಳು. ಅಲ್ಲೂ ಇತ್ತು. ತನ್ನ ಕೋಣೆಯದಕ್ಕೂ ಇತ್ತು. ಮೂರನ್ನೂ ನೋಡಿಕೊಂಡೇ ಅವನು ಒಂದು ವಾರ ಬಣ್ಣ ಕೆರೆದಿದ್ದ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಪಕ್ಕದ ಮನೆಯ ಎಂಟು ಬಾಗಿಲು ನೆನಪಾದವು.

"ಸಿಕ್ತಾ?" ಮುಚ್ಚಿದ ಬಾಗಿಲಾಚೆಯಿಂದ ಅತ್ತೆ ಕೇಳಿದರು.

ಅವಳು ಏಳಲಿಲ್ಲ. ಪಕ್ಕದ ಮನೆಯಾಕೆ ಬೀದಿಯಲ್ಲಿ ಇನ್ನಾರಿಗೋ ಬಾಗಿಲಿನ ವಿಷಯ ಹೇಳುತ್ತಿರುವುದು ಕಿಟಕಿಯಿಂದ ಕೇಳಿಸುತ್ತಿತ್ತು. ಟಾರ್ಚಿನ ಬೆಳಕು ಕನ್ನಡಿಗೆ ಬಿದ್ದು ಬಾಗಿಲಿನ ಅಡಿಯಲ್ಲಿ ಕೆಂಪು ಚುಕ್ಕೆಯ ಮೇಲೆ ನಿಂತಿತ್ತು.